ಹದಿನೇಳನೆಯ ಡಿಟೆಕ್ಟರ್: ಗೇಟ್‌ವೇ ಕೂರಿಸುವವರಿಗೆ ಒಂದು ಬಹಿರಂಗ ಪತ್ರ

ಫೈರ್ ಪ್ಯಾನೆಲ್‌ಗೂ ಬಿಎಂಎಸ್‌ಗೂ ನಡುವೆ ಗೇಟ್‌ವೇ ಕೂರಿಸುವ ಕಮಿಷನಿಂಗ್ ಎಂಜಿನಿಯರ್‌ಗಳಿಗೆ, ಅವರಿಗೆ ಕೇಬಲ್ ಎಳೆದುಕೊಡುವವರಿಗೆ, ಕೊನೆಗೆ ಹ್ಯಾಂಡೋವರ್ ಹಾಳೆಗೆ ಸಹಿ ಹಾಕುವವರಿಗೆ,



ಮೇಲೆ ಲಾಬಿಯಲ್ಲಿ ಗ್ರಾನೈಟ್‌ಗೆ ಪಾಲಿಶ್ ಹೊಡೆಯುವ ಹೊತ್ತಿಗೆ ನೀವು ಎರಡನೇ ಬೇಸ್‌ಮೆಂಟಿನಲ್ಲಿ, ಮಗುಚಿ ಹಾಕಿದ ಪೇಂಟ್ ಡಬ್ಬದ ಮೇಲೆ ಕೂತು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿರುತ್ತೀರಿ. ಪ್ಯಾನೆಲ್ ಮಾತಾಡುತ್ತಿಲ್ಲ ಎಂದು ಆಫೀಸಿಗೆ ಹೇಳೋಣವೆಂದರೆ ಫೋನಿಗೆ ಸಿಗ್ನಲ್ ಇಲ್ಲ. ರ‍್ಯಾಂಪಿನ ಮೇಲೆ ಓಡಿ ಹೋಗಿ ಹೇಳಬೇಕು, ಉತ್ತರ ಕೇಳಿಕೊಂಡು ಮತ್ತೆ ಇಳಿದು ಬರಬೇಕು. ನಾಳೆ ಹ್ಯಾಂಡೋವರ್. ಫೈರ್‌ನವರು ತಮ್ಮ ಕೆಲಸ ಮುಗಿಯಿತೆಂದು ಹೋಗಿಯಾಗಿದೆ. ಬಿಎಂಎಸ್‌ನವರು ತಮ್ಮ ಗ್ರಾಫಿಕ್ಸ್ ರೆಡಿ ಎನ್ನುತ್ತಾರೆ. ನಡುವೆ ಇರುವ ಟಿಫಿನ್ ಬಾಕ್ಸಿನಷ್ಟು ಡಬ್ಬಿಗೆ ಮಾತ್ರ ಯಜಮಾನರಿಲ್ಲ. ಅದು ನಿಮ್ಮ ತಲೆಗೆ ಬಿದ್ದಿದೆ.

ಈ ಪತ್ರ ಆ ಡಬ್ಬಿಯ ಬಗ್ಗೆ. ಅದನ್ನು ಕನೆಕ್ಟ್ ಮಾಡುವುದು ಹೇಗೆ ಎಂಬುದು ನಿಮಗೆ ಗೊತ್ತು. ಕನೆಕ್ಟ್ ಆದ ಮೇಲೆ ಕೆಲಸ ಎಷ್ಟು ಉಳಿದಿರುತ್ತದೆ ಎಂಬುದನ್ನು ನೆನಪಿಸಲಷ್ಟೇ ಇಷ್ಟುದ್ದ ಬರೆಯಬೇಕಾಗಿದೆ.

ಗೇಟ್‌ವೇ ಅಂದರೆ ದುಭಾಷಿ. ಒಂದು ಬದಿಯಲ್ಲಿ ಪ್ಯಾನೆಲ್‌ನ ಮಾತು, ಇನ್ನೊಂದು ಬದಿಯಲ್ಲಿ ಬಿಎಂಎಸ್‌ನ ಮಾತು. ಪ್ಯಾನೆಲ್ ತಯಾರಕರಿಗೆ ತಲೆಗೊಂದು ಆಡುಮಾತು: ನೋಟಿಫೈಯರ್‌ನದು ಒಂದು, ಎಡ್ವರ್ಡ್ಸ್‌ನದು ಮತ್ತೊಂದು, ಸಿಂಪ್ಲೆಕ್ಸ್‌ನದು ಮಗದೊಂದು. ಬಿಎಂಎಸ್ ಬದಿಯಲ್ಲಿ ಹೆಚ್ಚಾಗಿ ಎರಡೇ ಭಾಷೆ. ಮೊದಲನೆಯದು ಮಾಡ್‌ಬಸ್, 1979ರಲ್ಲಿ ಮೋಡಿಕಾನ್ ಕಂಪನಿ ತನ್ನ ಪಿಎಲ್‌ಸಿಗಳಿಗಾಗಿ ಹೊರತಂದದ್ದು. ಎರಡನೆಯದು ಬ್ಯಾಕ್‌ನೆಟ್; 1987ರಲ್ಲಿ ಕೆಲಸ ಶುರುವಾಗಿ 1995ರಲ್ಲಿ ಅಮೆರಿಕದ ಆಶ್ರೇ ಸಂಸ್ಥೆಯ 135ನೇ ಮಾನದಂಡವಾಗಿ ಪ್ರಕಟವಾದದ್ದು. ಮಾಡ್‌ಬಸ್‌ಗೆ ಗೊತ್ತಿರುವುದು ಬರೀ ಅಂಕಿ. ಯಾವ ಅಂಕಿಗೆ ಯಾವ ಅರ್ಥ ಎಂಬುದು ಬೇರೆಲ್ಲೋ ಒಂದು ಕಾಗದದಲ್ಲಿರುತ್ತದೆ. ಬ್ಯಾಕ್‌ನೆಟ್ ಸ್ವಲ್ಪ ಓದಿಕೊಂಡಿರುವ ಭಾಷೆ. ಪ್ರತಿ ಪಾಯಿಂಟ್‌ಗೂ ಹೆಸರು, ವಿವರಣೆ, ಸ್ಥಿತಿ ಎಂದು ಜಾಗ ಇಟ್ಟಿದೆ. ಅದು ಐಪಿ ಜಾಲದಲ್ಲಿ ಬಳಸುವ ಪೋರ್ಟ್ 47808. ಆ ಸಂಖ್ಯೆಯನ್ನು ಹೆಕ್ಸ್‌ನಲ್ಲಿ ಬರೆದರೆ ಬಿಎಸಿ0, ಅಂದರೆ ಬ್ಯಾಕ್‌ನೆಟ್‌ನ ಮೊದಲ ಮೂರು ಅಕ್ಷರ. ಮಾನದಂಡ ಬರೆಯುವ ಸಮಿತಿಯವರೂ ನಗುತ್ತಾರೆ ಎಂಬುದಕ್ಕೆ ಅದೊಂದು ಪುರಾವೆ.

ಅಂಕಿಯಿಂದ ಜಾಗ ಗುರುತಿಸುವ ಈ ಕಸುಬು ನಿಮ್ಮಿಂದ ಶುರುವಾದದ್ದಲ್ಲ. 1852ರ ಏಪ್ರಿಲ್‌ನಲ್ಲಿ ಬಾಸ್ಟನ್ ನಗರ ಜಗತ್ತಿನ ಮೊದಲ ಅಗ್ನಿ ಟೆಲಿಗ್ರಾಫ್ ವ್ಯವಸ್ಥೆಯನ್ನು ಚಾಲೂ ಮಾಡಿತು. ವಿಲಿಯಂ ಚಾನಿಂಗ್ ಎಂಬ ವೈದ್ಯ ಮತ್ತು ಮೋಸೆಸ್ ಫಾರ್ಮರ್ ಎಂಬ ಎಂಜಿನಿಯರ್ ಕಟ್ಟಿದ್ದು ಅದು. ಬೀದಿಯ ಪೆಟ್ಟಿಗೆಯ ಹಿಡಿಕೆ ತಿರುಗಿಸಿದರೆ ಆ ಪೆಟ್ಟಿಗೆಯ ಸಂಖ್ಯೆ ಕೇಂದ್ರಕ್ಕೆ ಟಕಟಕ ಎಂದು ಬಡಿಯುತ್ತಿತ್ತು; ಅಲ್ಲಿ ಕೂತವನು ಸಂಖ್ಯೆ ಎಣಿಸಿ, ಪಟ್ಟಿ ನೋಡಿ, ಬೀದಿ ಯಾವುದೆಂದು ಹೇಳುತ್ತಿದ್ದ. ಮರುದಿನವೇ ಮೊದಲ ಕರೆ ಬಂತು. ಬೆಂಕಿ ಕಂಡವನು ಗಾಬರಿಯಲ್ಲಿ ಹಿಡಿಕೆಯನ್ನು ಎಷ್ಟು ಜೋರಾಗಿ ತಿರುಗಿಸಿದನೆಂದರೆ, ಕೇಂದ್ರದಲ್ಲಿದ್ದವನಿಗೆ ಸಂಖ್ಯೆಯೇ ತಿಳಿಯಲಿಲ್ಲವಂತೆ. ಬಾಡ್ ರೇಟ್ ಹೊಂದದೆ ಹಾಳಾದ ಮೊದಲ ಸಂದೇಶ ಅದೇ ಇರಬೇಕು. ಈಗ ಹಿಡಿಕೆಯ ಜಾಗದಲ್ಲಿ 9600 ಬಂದಿದೆ, ಪಟ್ಟಿಯ ಜಾಗದಲ್ಲಿ ಸಿಎಸ್‌ವಿ ಫೈಲು ಬಂದಿದೆ. ಎಡವುವ ಕಲ್ಲುಗಳು ಅವೇ.

ಮೊದಲ ಕಲ್ಲು ತಂತಿ.

ಆರ್‌ಎಸ್-485 ಎಂಬುದು ಎರಡು ತಂತಿಯ ಸರಳ ವ್ಯವಸ್ಥೆ. ಸುಮಾರು 1200 ಮೀಟರ್‌ವರೆಗೆ ಎಳೆಯಬಹುದು. ಒಂದರಿಂದ ಒಂದಕ್ಕೆ ಸರಪಳಿಯಂತೆ ಹೋಗಬೇಕು, ಮರದ ಕೊಂಬೆಯಂತೆ ಕವಲೊಡೆಯಬಾರದು. ಎರಡೂ ತುದಿಯಲ್ಲಿ 120 ಓಮ್‌ನ ರೆಸಿಸ್ಟರ್ ಬೇಕು. ಎಲ್ಲರಿಗೂ ಗೊತ್ತಿರುವ ಪಾಠ. ಆದರೆ ಕೇಬಲ್ ಎಳೆದವರು ಯಾರು, ರೆಸಿಸ್ಟರ್ ಹಾಕಿದವರು ಯಾರು, ನಡುವೆ ಇನ್ನೊಬ್ಬ ಬಂದು ತನ್ನ ಮೀಟರನ್ನು ಅದೇ ಲೈನಿಗೆ ತಗುಲಿಸಿ ಹೋದನೇ ಎಂಬುದು ಡ್ರಾಯಿಂಗಿನಲ್ಲಿ ಸಿಗುವುದಿಲ್ಲ. ಅನುಭವಿಗಳು ಲ್ಯಾಪ್‌ಟಾಪ್ ತೆರೆಯುವ ಮೊದಲು ಎಲ್ಲದರ ಪವರ್ ತೆಗೆದು, ಮಲ್ಟಿಮೀಟರಿನ ಎರಡು ಕಡ್ಡಿಯನ್ನು ಎರಡು ತಂತಿಗೆ ಇಡುತ್ತಾರೆ. 60 ಓಮ್ ಹತ್ತಿರ ಬಂದರೆ ಎರಡು ತುದಿಯೂ ಸರಿ. 120 ಬಂದರೆ ಒಂದು ತುದಿಯಲ್ಲಿ ಮರೆತಿದ್ದಾರೆ. 40 ಬಂದರೆ ನಡುವೆ ಎಲ್ಲೋ ಮೂರನೆಯದೊಂದು ಕೂತಿದೆ. ಅರ್ಧ ದಿನದ ಪರದಾಟವನ್ನು ಉಳಿಸುವ ಅರ್ಧ ನಿಮಿಷದ ಕೆಲಸ ಇದು.

ಎ ಮತ್ತು ಬಿ ಅಕ್ಷರಗಳನ್ನು ನಂಬುವಂತಿಲ್ಲ. ಒಬ್ಬ ತಯಾರಕರ ಎ ಇನ್ನೊಬ್ಬರಿಗೆ ಬಿ. ಅದಲು ಬದಲು ಮಾಡಿ ನೋಡುವುದರಲ್ಲಿ ನಾಚಿಕೆಯಿಲ್ಲ, ಏನೂ ಸುಡುವುದೂ ಇಲ್ಲ.

ಎಸಿ ಪ್ಲಾಂಟಿನಿಂದ ಬಂದವರಿಗೆ ಫೈರ್ ಪ್ಯಾನೆಲ್‌ನ ಒಂದು ಗುಣ ಹೊಸದಾಗಿ ಕಾಣುತ್ತದೆ. ಅದರ ಸರ್ಕ್ಯೂಟುಗಳು ಭೂಮಿಗೆ ತಾಗದೆ ತೇಲುತ್ತಿರಬೇಕು. ಎಲ್ಲಾದರೂ ತಾಗಿದರೆ ಪ್ಯಾನೆಲ್ ಅದನ್ನು ಅರ್ತ್ ಫಾಲ್ಟ್ ಎಂದು ಹಿಡಿದು ಪೀಪಿ ಊದುತ್ತದೆ. ಐಸೊಲೇಷನ್ ಇಲ್ಲದ ಗೇಟ್‌ವೇ ತಂದು ಸೀರಿಯಲ್ ಪೋರ್ಟಿಗೆ ಚುಚ್ಚಿದ ಕೂಡಲೇ ಈ ಫಾಲ್ಟ್ ಬರಬಹುದು. ಆಗ ಫೈರ್‌ನವರು ಬಿಎಂಎಸ್‌ನವರನ್ನು ಬೈಯುತ್ತಾರೆ, ಬಿಎಂಎಸ್‌ನವರು ನಿಮ್ಮನ್ನು. ಐಸೊಲೇಷನ್ ಇರುವ ಪೋರ್ಟ್ ಕೇಳಿ ತರಿಸಿಕೊಳ್ಳುವುದು ಆ ಜಗಳಕ್ಕಿಂತ ಅಗ್ಗ.

ಇನ್ನು ಅಂಕಿಗಳು. ಅಲ್ಲಿಗೆ ಹದಿನೇಳನೆಯ ಡಿಟೆಕ್ಟರ್ ಬರುತ್ತದೆ.

ನೋಟಿಫೈಯರ್‌ನ ಫ್ಲ್ಯಾಶ್‌ಸ್ಕ್ಯಾನ್ ಲೂಪಿನಲ್ಲಿ 159 ಡಿಟೆಕ್ಟರ್‌ಗಳು, 159 ಮಾಡ್ಯೂಲ್‌ಗಳು ಕೂರುತ್ತವೆ. ಒಂದು ಲೂಪಿನ ಡಿಟೆಕ್ಟರ್‌ಗಳ ಅಲಾರ್ಮ್ ಸ್ಥಿತಿಯನ್ನು ಒಂದೊಂದು ಬಿಟ್‌ನಂತೆ ಮಾಡ್‌ಬಸ್ ರಿಜಿಸ್ಟರುಗಳಿಗೆ ತುಂಬಿದ್ದಾರೆ ಎಂದುಕೊಳ್ಳಿ. ರಿಜಿಸ್ಟರಿಗೆ 16 ಬಿಟ್. ಹತ್ತು ರಿಜಿಸ್ಟರಿನಲ್ಲಿ 160. ಒಂದು ಬಿಟ್ ಮಿಕ್ಕಿತು, ಲೆಕ್ಕ ಸರಿ. ಮೊದಲ ರಿಜಿಸ್ಟರಿನಲ್ಲಿ 1ರಿಂದ 16, ಎರಡನೆಯದರಲ್ಲಿ 17ರಿಂದ 32. ಬಿಎಂಎಸ್ ಕೇಳುವ ಪ್ರಶ್ನೆ ತಂತಿಯ ಮೇಲೆ ಹೀಗೆ ಹೋಗುತ್ತದೆ:

01 03 00 00 00 0ಎ ಸಿ5 ಸಿಡಿ

ಎಂಟೇ ಬೈಟು. ಒಂದನೇ ನಂಬರಿನ ಸಾಧನವೇ, ಹೋಲ್ಡಿಂಗ್ ರಿಜಿಸ್ಟರ್ ಓದಬೇಕು, ಸೊನ್ನೆಯಿಂದ ಶುರುಮಾಡಿ ಹತ್ತು ಕೊಡು. ಕೊನೆಯ ಎರಡು ಬೈಟು ತಪ್ಪು ಪತ್ತೆಗೆ.

ದಾಖಲೆಯಲ್ಲಿ ಮಾತ್ರ ಸೊನ್ನೆ ಎಂದು ಬರೆದಿರುವುದಿಲ್ಲ. 40001 ಎಂದು ಬರೆದಿರುತ್ತದೆ. ಮುಂದಿನ 4 ಹೋಲ್ಡಿಂಗ್ ರಿಜಿಸ್ಟರಿನ ಗುರುತು, ಹಿಂದಿನ 1 ಮೊದಲನೆಯದು ಎಂಬ ಅರ್ಥ. ತಂತಿಯಲ್ಲಿ ಎಣಿಕೆ ಸೊನ್ನೆಯಿಂದ, ಕಾಗದದಲ್ಲಿ ಒಂದರಿಂದ. ಕೆಲವು ಸಾಫ್ಟ್‌ವೇರ್ ಈ ಒಂದನ್ನು ತಾನೇ ಕಳೆದುಕೊಳ್ಳುತ್ತದೆ, ಕೆಲವು ಕಳೆಯುವುದಿಲ್ಲ. ಕಳೆಯದ ಸಾಫ್ಟ್‌ವೇರಿನಲ್ಲಿ ನೀವು 1 ಎಂದು ಟೈಪ್ ಮಾಡಿದರೆ ಓದು ಎರಡನೇ ರಿಜಿಸ್ಟರಿನಿಂದ ಶುರುವಾಗುತ್ತದೆ. ಎದುರಿನ ಸಾಧನ ತಕರಾರು ಮಾಡುವುದಿಲ್ಲ. ಅದರ ಮಟ್ಟಿಗೆ ಅದೂ ಒಂದು ನ್ಯಾಯವಾದ ಪ್ರಶ್ನೆ. ಹತ್ತರ ಆಚೆ ರಿಜಿಸ್ಟರೇ ಇಲ್ಲದಿದ್ದರೆ ಎಕ್ಸೆಪ್ಷನ್ 02 ಬಂದು ನಿಮ್ಮನ್ನು ಎಚ್ಚರಿಸುತ್ತದೆ. ಹತ್ತರ ಪಕ್ಕದಲ್ಲೇ ಮಾಡ್ಯೂಲ್‌ಗಳ ರಿಜಿಸ್ಟರುಗಳನ್ನು ಜೋಡಿಸಿದ್ದರೆ ಆ ಎಚ್ಚರಿಕೆಯೂ ಇಲ್ಲ.

ಈಗ ಪರದೆಯ ಮೇಲೆ ಏನಾಯಿತು ನೋಡಿ. 17ನೇ ಡಿಟೆಕ್ಟರಿಗೆ ಹೊಗೆ ತಾಗಿದರೆ 1ನೆಯದು ಕೆಂಪಾಗುತ್ತದೆ. 18ಕ್ಕೆ ತಾಗಿದರೆ 2. ಮಹಡಿಗೆ ಹದಿನಾರು ಡಿಟೆಕ್ಟರ್ ಇರುವ ಕಟ್ಟಡವಾದರೆ ಎರಡನೇ ಮಹಡಿಯ ಬೆಂಕಿಗೆ ಸೆಕ್ಯುರಿಟಿಯವರು ಮೊದಲ ಮಹಡಿಗೆ ಓಡುತ್ತಾರೆ. ಮೊದಲ ಮಹಡಿಯಲ್ಲೇ ಬೆಂಕಿ ಬಿದ್ದರೆ? ಆ ಹದಿನಾರು ಡಿಟೆಕ್ಟರುಗಳನ್ನು ಯಾರೂ ಓದುತ್ತಲೇ ಇಲ್ಲ. ಪ್ಯಾನೆಲ್ ಕೂಗುತ್ತಿರುತ್ತದೆ, ಹೂಟರ್ ಬಡಿದುಕೊಳ್ಳುತ್ತಿರುತ್ತದೆ, ಕಂಟ್ರೋಲ್ ರೂಮಿನ ಪರದೆ ಮಾತ್ರ ಹಸಿರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಗೇಟ್‌ವೇಗೆಂದೇ ಮಾಡಿದಂತಿದೆ.

ಈ ತಪ್ಪು ಹ್ಯಾಂಡೋವರ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲವೇ ಎಂದು ಹೊರಗಿನವರು ಕೇಳಬಹುದು. ಹೇಗೆ ಪರೀಕ್ಷೆ ಮಾಡುತ್ತೀರಿ ಎಂಬುದು ನಿಮಗೇ ಗೊತ್ತು. ಒಬ್ಬ ಏಣಿ ಹತ್ತಿ ಲಾಬಿಯ ಯಾವುದೋ ಒಂದು ಡಿಟೆಕ್ಟರಿಗೆ ಸ್ಪ್ರೇ ಹೊಡೆಯುತ್ತಾನೆ. ಇನ್ನೊಬ್ಬ ಕಂಟ್ರೋಲ್ ರೂಮಿನಿಂದ ವಾಕಿಟಾಕಿಯಲ್ಲಿ ಬಂತಾ ಅಂದರೆ ಬಂತು ಎನ್ನುತ್ತಾನೆ. ಏನೋ ಒಂದು ಕೆಂಪಾಗಿದೆ, ಬಂತು. ಯಾವುದು ಬಂತು ಎಂದು ಕೇಳುವಷ್ಟರಲ್ಲಿ ಟೀ ಬಂದಿರುತ್ತದೆ.

ಬಿಟ್‌ಗಳನ್ನು ಯಾವ ತುದಿಯಿಂದ ಎಣಿಸಬೇಕು ಎಂಬುದೂ ಇದೇ ಜಾತಿಯ ಬಲೆ. ತಲೆಕೆಳಗಾದರೆ 1ನೆಯದು 16 ಆಗುತ್ತದೆ, 2ನೆಯದು 15. ಬ್ಯಾಕ್‌ನೆಟ್ ಕಡೆ ಬೇರೆ ರೀತಿಯದು: ಮಲ್ಟಿ-ಸ್ಟೇಟ್ ಪಾಯಿಂಟಿನ ಮೌಲ್ಯ 1ರಿಂದ ಶುರು, ಅಲ್ಲಿ ಸೊನ್ನೆಗೆ ಜಾಗವಿಲ್ಲ. ಪ್ಯಾನೆಲ್ ಬದಿಯಲ್ಲಿ 0 ಅಂದರೆ ನಾರ್ಮಲ್, 1 ಅಂದರೆ ಅಲಾರ್ಮ್, 2 ಅಂದರೆ ಫಾಲ್ಟ್ ಎಂದಿದ್ದು ನೀವು ಅದನ್ನು ನೇರವಾಗಿ ದಾಟಿಸಿದರೆ, ಅಲಾರ್ಮ್ ಬಂದಾಗ ಪರದೆಯಲ್ಲಿ ನಾರ್ಮಲ್ ಎಂದು ಬೀಳಬಹುದು. ಹೀಗಾಗಿ ಲೂಪಿನ ಎಲ್ಲ ಪಾಯಿಂಟನ್ನೂ ಪರೀಕ್ಷಿಸಲು ಸಮಯ ಕೊಡದ ಗುತ್ತಿಗೆದಾರರ ಮುಂದೆ ಕನಿಷ್ಠ ನಾಲ್ಕರ ಹಟ ಹಿಡಿಯಿರಿ: 1, 16, 17, 159. ಒಂದು ಹೆಚ್ಚು ಕಡಿಮೆಯಾಗಿದ್ದರೂ, ತಲೆಕೆಳಗಾಗಿದ್ದರೂ ಈ ನಾಲ್ಕರಲ್ಲಿ ಬಯಲಾಗುತ್ತದೆ.

ಎಕ್ಸೆಲ್ ಬಗ್ಗೆಯೂ ಒಂದು ಮಾತು. ಅನೇಕ ಗೇಟ್‌ವೇಗಳ ಕಾನ್ಫಿಗರೇಷನ್ ಸಿಎಸ್‌ವಿ ಫೈಲಿನಲ್ಲಿರುತ್ತದೆ. ಫೀಲ್ಡ್‌ಸರ್ವರ್ ಬಳಸಿದವರಿಗೆ ಡೇಟಾ ಅರೇ, ಕನೆಕ್ಷನ್, ನೋಡ್, ಮ್ಯಾಪ್ ಡಿಸ್ಕ್ರಿಪ್ಟರ್ ಎಂಬ ಸಾಲುಗಳು ಬಾಯಿಪಾಠ. ಆ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಸುಮ್ಮನೆ ಸೇವ್ ಮಾಡಿದರೂ 017 ಎಂಬುದು 17 ಆಗುತ್ತದೆ. ಲೂಪ್ 3, ಡಿಟೆಕ್ಟರ್ 12 ಎಂಬರ್ಥದಲ್ಲಿ 3-12 ಎಂದು ಬರೆದಿದ್ದರೆ ಭಾರತದ ಸೆಟ್ಟಿಂಗಿನಲ್ಲಿ ಅದು ಡಿಸೆಂಬರ್ ಮೂರನೇ ತಾರೀಕಾಗುತ್ತದೆ. ನೋಟ್‌ಪ್ಯಾಡ್ ಬಳಸಿ. ಚೆಂದ ಕಾಣದಿದ್ದರೂ ಅದು ತನ್ನ ಬುದ್ಧಿ ಓಡಿಸುವುದಿಲ್ಲ.

ಇಲ್ಲಿಯವರೆಗಿನದು ತಪ್ಪು ಮಾತಿನ ಕಥೆ. ಅದಕ್ಕಿಂತ ಕಷ್ಟದ್ದು ಮೌನದ ಕಥೆ.

ಎಷ್ಟೋ ಪ್ಯಾನೆಲ್‌ಗಳು ಕೇಳಿದ್ದಕ್ಕೆ ಉತ್ತರ ಕೊಡುವ ಜಾತಿಯವಲ್ಲ. ಅವುಗಳ ಸೀರಿಯಲ್ ಪೋರ್ಟ್ ಇರುವುದು ಪ್ರಿಂಟರಿಗೆಂದು. ಏನಾದರೂ ನಡೆದಾಗ ಒಂದು ಸಾಲು ಹೊರಹಾಕುತ್ತವೆ: ಅಲಾರ್ಮ್, ಸಮಯ, ಎಲ್01ಡಿ017 ಎಂಬಂಥ ವಿಳಾಸ. ಗೇಟ್‌ವೇ ತಾನೇ ಪ್ರಿಂಟರ್ ಎಂಬಂತೆ ನಟಿಸುತ್ತಾ ಆ ಸಾಲುಗಳನ್ನು ಕೇಳಿಸಿಕೊಂಡು ಅರ್ಥ ಬಿಡಿಸುತ್ತದೆ. ಅದು ಕದ್ದು ಕೇಳುವವನ ಸ್ಥಿತಿ. ಹೇಳಿದಾಗ ಅಲ್ಲಿದ್ದರೆ ಕೇಳಿತು, ಇಲ್ಲದಿದ್ದರೆ ಇಲ್ಲ. ಗೇಟ್‌ವೇಗೆ ಐದು ನಿಮಿಷ ಪವರ್ ಹೋಗಿ ಆ ಐದು ನಿಮಿಷದಲ್ಲೇ ಅಲಾರ್ಮ್ ಬಂದಿದ್ದರೆ, ಮತ್ತೆ ಎದ್ದ ಮೇಲೆ ಅದಕ್ಕೆ ಏನೂ ಗೊತ್ತಿರುವುದಿಲ್ಲ. ಎಲ್ಲ ಪಾಯಿಂಟೂ ಸೊನ್ನೆ, ಎಲ್ಲವೂ ನಾರ್ಮಲ್. ಪ್ಯಾನೆಲ್‌ನ ಸಾಫ್ಟ್‌ವೇರ್ ಬದಲಾಗಿ ಸಂದೇಶದ ಪದವೊಂದು ಆಚೀಚೆಯಾದರೂ ಅಷ್ಟೇ. ಕಿವಿ ತೆರೆದಿದೆ, ಅರ್ಥ ಮಾತ್ರ ಆಗುತ್ತಿಲ್ಲ.

ಕೇಳಿ ತಿಳಿಯುವ ಜಾತಿಯಲ್ಲೂ ಒಂದು ಪ್ರಶ್ನೆಗೆ ನೀವು ಉತ್ತರ ಬರೆಯಲೇಬೇಕು. ಪ್ಯಾನೆಲ್ ಉತ್ತರ ಕೊಡುವುದನ್ನು ನಿಲ್ಲಿಸಿದರೆ ಗೇಟ್‌ವೇ ಏನು ಮಾಡಬೇಕು? ಕೊನೆಯ ಮೌಲ್ಯ ಹಿಡಿದುಕೊಂಡಿರಬೇಕೇ, ಸೊನ್ನೆ ಮಾಡಬೇಕೇ, ಫಾಲ್ಟ್ ಎನ್ನಬೇಕೇ? ಕಾನ್ಫಿಗರೇಷನ್ ಪುಟದಲ್ಲಿ ಅದೊಂದು ಸಣ್ಣ ಆಯ್ಕೆ, ಫ್ಯಾಕ್ಟರಿಯಿಂದ ಬಂದದ್ದನ್ನು ಮುಟ್ಟುವವರು ಕಡಿಮೆ. ಕೊನೆಯ ಮೌಲ್ಯ ಹಿಡಿದುಕೊಂಡರೆ, ವರ್ಷಾನುಗಟ್ಟಲೆ ನಾರ್ಮಲ್ ಇದ್ದ ಕಟ್ಟಡ ತಂತಿ ತುಂಡಾದ ಮೇಲೂ ನಾರ್ಮಲ್ಲಾಗಿಯೇ ಇರುತ್ತದೆ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆ ಮಾತುಕತೆಗೆ ಸರಿ, ಸೀರಿಯಲ್ ಪೋರ್ಟಿಗಲ್ಲ. ಬ್ಯಾಕ್‌ನೆಟ್ ಪ್ರತಿ ಪಾಯಿಂಟಿನ ಜೊತೆ ನಾಲ್ಕು ಸ್ಟೇಟಸ್ ಫ್ಲ್ಯಾಗ್ ಇಟ್ಟಿರುವುದು ಇದಕ್ಕೇ: ಅಲಾರ್ಮ್‌ನಲ್ಲಿದೆ, ಫಾಲ್ಟ್‌ನಲ್ಲಿದೆ, ಕೈಯಿಂದ ಬದಲಿಸಲಾಗಿದೆ, ಸೇವೆಯಿಂದ ಹೊರಗಿದೆ. ಪ್ಯಾನೆಲ್ ಸಂಪರ್ಕ ಕಡಿದರೆ ಫಾಲ್ಟ್ ಫ್ಲ್ಯಾಗ್ ಏಳಬೇಕು, ಪರದೆಯಲ್ಲಿ ಆ ಮಹಡಿ ಬೂದು ಬಣ್ಣಕ್ಕೆ ತಿರುಗಬೇಕು. ಹಸಿರು, ಕೆಂಪು ಎರಡೇ ಬಣ್ಣದ ಗ್ರಾಫಿಕ್ಸ್ ಅರ್ಧ ಸುಳ್ಳು.

ಡಿಸೇಬಲ್ ಆದ ಡಿಟೆಕ್ಟರ್‌ಗಳದೂ ಇದೇ ಪಾಡು. ಫ್ಲ್ಯಾಟಿನಲ್ಲಿ ಇಂಟೀರಿಯರ್ ಕೆಲಸ ಶುರು, ಮರದ ಪುಡಿ, ಸುಳ್ಳು ಅಲಾರ್ಮ್, ಬೇಸತ್ತ ಸೂಪರ್‌ವೈಸರ್ ಆ ಮಹಡಿಯನ್ನೇ ಡಿಸೇಬಲ್ ಮಾಡುತ್ತಾನೆ. ಬಡಗಿ ಕೆಲಸ ಮುಗಿಸಿ ಊರಿಗೆ ಹೋದ ಮೇಲೂ ಅದು ಹಾಗೇ ಉಳಿಯುತ್ತದೆ. ಪ್ಯಾನೆಲ್‌ನ ಮುಖದ ಮೇಲೆ ಹಳದಿ ದೀಪವಿದೆ, ಆದರೆ ನೀವು ಅಲಾರ್ಮ್ ಬಿಟ್ ಒಂದನ್ನೇ ಮ್ಯಾಪ್ ಮಾಡಿದ್ದರೆ ಬಿಎಂಎಸ್‌ಗೆ ಅದು ಆರೋಗ್ಯವಂತ ಮಹಡಿ. ಅಲಾರ್ಮ್, ಫಾಲ್ಟ್, ಡಿಸೇಬಲ್ ಮೂರನ್ನೂ ದಾಟಿಸಿ. ಪಾಯಿಂಟ್ ಲೈಸೆನ್ಸಿನ ಖರ್ಚು ಹೆಚ್ಚಾಗುತ್ತದೆ ಎಂದು ಯಾರಾದರೂ ಅಂದರೆ ಮಹಡಿವಾರು ಒಂದೊಂದು ಡಿಸೇಬಲ್ ಪಾಯಿಂಟನ್ನಾದರೂ ಕೊಡಿ.

ಸಂದೇಶ ಸರಿಯಾಗಿ ಬಂತು, ಸಮಯಕ್ಕೆ ಬಂತು, ಆದರೂ ಮನುಷ್ಯನಿಗೆ ಮುಟ್ಟಲಿಲ್ಲ ಎಂಬುದಕ್ಕೆ ಜಗತ್ತೇ ಟಿವಿಯಲ್ಲಿ ನೋಡಿದ ಉದಾಹರಣೆಯಿದೆ. 2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ ದಾಮ್ ಕೆಥೆಡ್ರಲ್‌ನಲ್ಲಿ 6.18ಕ್ಕೆ ಪ್ಯಾನೆಲ್ ಮೇಲೆ ಬೆಂಕಿಯ ಎಚ್ಚರಿಕೆ ಬಂತು. ನ್ಯೂಯಾರ್ಕ್ ಟೈಮ್ಸ್ ನಡೆಸಿದ ತನಿಖಾ ವರದಿಯ ಪ್ರಕಾರ, ಪರದೆಯ ಮುಂದೆ ಇದ್ದವರು ಕೆಲಸಕ್ಕೆ ಸೇರಿ ಮೂರೇ ದಿನವಾಗಿತ್ತು. ಬಂದ ಸಂದೇಶದಲ್ಲಿ ಕಟ್ಟಡದ ಭಾಗದ ವಿವರಣೆಯ ಜೊತೆ ಝಡ್‌ಡಿಎ-110-3-15-1 ಎಂಬ ಉದ್ದದ ಸಂಕೇತವಿತ್ತು. ಕಾವಲುಗಾರ ಹೋಗಿ ನೋಡಿದ್ದು ಪಕ್ಕದ ಪುಟ್ಟ ಕಟ್ಟಡವಾದ ಸ್ಯಾಕ್ರಿಸ್ಟಿಯನ್ನು. ಅಲ್ಲಿ ಬೆಂಕಿ ಇರಲಿಲ್ಲ. ಉರಿಯುತ್ತಿದ್ದದ್ದು ಮುಖ್ಯ ಕೆಥೆಡ್ರಲ್‌ನ ಅಟ್ಟ. ತಪ್ಪು ತಿಳಿದು, ಮುನ್ನೂರು ಮೆಟ್ಟಿಲು ಹತ್ತಿ ನೋಡುವ ಹೊತ್ತಿಗೆ ಸುಮಾರು ಅರ್ಧ ಗಂಟೆ ಕಳೆದಿತ್ತು. ಸಂದೇಶ ಓದಿದವರು ತಪ್ಪಿದರೋ, ಹೇಳಿದವರೋ, ಕೇಳಿಸಿಕೊಂಡವರೋ ಎಂಬ ಬಗ್ಗೆ ಸಂಬಂಧಪಟ್ಟವರಲ್ಲಿ ಒಮ್ಮತವಿಲ್ಲ. ಆದರೆ ಡಿಟೆಕ್ಟರ್ ತನ್ನ ಕೆಲಸ ಮಾಡಿತ್ತು. ಆ ವ್ಯವಸ್ಥೆಯನ್ನು ರೂಪಿಸಲು ತಜ್ಞರು ಆರು ವರ್ಷ ಕೂತಿದ್ದರು, ಸಾವಿರಾರು ಪುಟದ ನಕ್ಷೆ-ಪಟ್ಟಿಗಳಿದ್ದವು.

ಇದು ಪ್ಯಾರಿಸ್ಸಿನ ಮಾತಾಯಿತು. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬನ್ನಿ. ಆರ್ಕಿಟೆಕ್ಟರ ಡ್ರಾಯಿಂಗಿನಲ್ಲಿ ಟಿ1, ಟಿ2, ಟಿ3. ಮಾರಾಟದವರು ಅವಕ್ಕೆ ಹೂವಿನ ಹೆಸರಿಟ್ಟರು. ನಿವಾಸಿಗಳ ಸಂಘ ಎ, ಬಿ, ಸಿ ಎಂದು ಬೋರ್ಡು ಬರೆಸಿತು. ಪ್ಯಾನೆಲ್ ಪ್ರೋಗ್ರಾಮ್ ಮಾಡಿದವನ ಕೈಯಲ್ಲಿದ್ದದ್ದು ಡ್ರಾಯಿಂಗ್, ಆದ್ದರಿಂದ ಪ್ಯಾನೆಲ್‌ನಲ್ಲಿ ಈಗಲೂ ಟಿ3. ಸ್ಟಿಲ್ಟ್ ಮಹಡಿಯನ್ನು ಕೆಲವರು ಗ್ರೌಂಡ್ ಎನ್ನುತ್ತಾರೆ, ಕೆಲವರು ಪೋಡಿಯಂ ಅನ್ನೇ ಗ್ರೌಂಡ್ ಎನ್ನುತ್ತಾರೆ. ಹದಿಮೂರನ್ನು ಅಪಶಕುನವೆಂದು ಬಿಟ್ಟ ಕಟ್ಟಡಗಳಲ್ಲಿ ಲಿಫ್ಟಿನ ಗುಂಡಿ 12, 12ಎ, 14 ಎಂದು ಹೋಗುತ್ತದೆ; ಎಂಜಿನಿಯರನ ಪಟ್ಟಿಯಲ್ಲಿ ಮಾತ್ರ 13 ಭದ್ರವಾಗಿ ಕೂತಿರುತ್ತದೆ. ರಾತ್ರಿ ಎರಡು ಗಂಟೆಗೆ 13ನೇ ಮಹಡಿಯಲ್ಲಿ ಅಲಾರ್ಮ್ ಎಂದರೆ ಸೆಕ್ಯುರಿಟಿಯವರು ಲಿಫ್ಟಿನೊಳಗೆ ಇಲ್ಲದ ಗುಂಡಿ ಹುಡುಕಬೇಕು.

ಹೆಸರಿಗೆ ಪ್ಯಾನೆಲ್‌ನಲ್ಲಿ ಸಿಗುವ ಜಾಗವೂ ಕಡಿಮೆ, ಕೆಲವದರಲ್ಲಿ 20 ಅಕ್ಷರ. ಅಷ್ಟರಲ್ಲಿ ತುರುಕಲು ಹೋಗಿ ಸ್ವರಗಳೆಲ್ಲ ಉದುರಿ, ಪ್ರೋಗ್ರಾಮ್ ಮಾಡಿದವನಿಗಷ್ಟೇ ಅರ್ಥವಾಗುವ ವ್ಯಂಜನಗಳ ಗಂಟು ಉಳಿಯುತ್ತದೆ. ಗೇಟ್‌ವೇಯಲ್ಲಿ ಈ ಬಡತನವಿಲ್ಲ. ಬ್ಯಾಕ್‌ನೆಟ್‌ನಲ್ಲಿ ವಸ್ತುವಿನ ಹೆಸರು ಒಂದು ಸಾಧನದೊಳಗೆ ಒಂದೇ ಇರಬೇಕು ಎಂಬ ನಿಯಮವಿದೆ, ಅದನ್ನು ಸಂಕೇತವಾಗಿಯೇ ಬಿಡಿ. ಪಕ್ಕದಲ್ಲಿ ವಿವರಣೆಗೆಂದು ಪ್ರತ್ಯೇಕ ಜಾಗವಿದೆ. ಮಾನದಂಡ ಯುಟಿಎಫ್-8 ಒಪ್ಪುತ್ತದೆ, ಅಂದರೆ ಕನ್ನಡ ಅಕ್ಷರಕ್ಕೆ ಅಲ್ಲಿ ತಡೆಯಿಲ್ಲ. ನಿಮ್ಮ ಗೇಟ್‌ವೇ ಮತ್ತು ಬಿಎಂಎಸ್ ಪರದೆ ಅದನ್ನು ಸರಿಯಾಗಿ ತೋರಿಸುತ್ತವೆಯೇ ಎಂದು ಒಂದು ಪಾಯಿಂಟಿನಲ್ಲಿ ಬರೆದು ನೋಡಿ. ತೋರಿಸಿದರೆ 'ಬಿ ಬ್ಲಾಕ್, ಎರಡನೇ ಬೇಸ್‌ಮೆಂಟ್, ಲಿಫ್ಟ್ ಮುಂದೆ' ಎಂದು ಬರೆಯಲು ಏನಡ್ಡಿ? ರಾತ್ರಿ ಪಾಳಿಯಲ್ಲಿ ಕೂರುವವರು ಒಡಿಶಾದವರೋ ಅಸ್ಸಾಮಿನವರೋ ಆಗಿದ್ದರೆ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆಯಿರಿ. ಬರೆದ ಮೇಲೆ ಅವರಿಂದಲೇ ಗಟ್ಟಿಯಾಗಿ ಓದಿಸಿ, ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ, ಅವರ ಹಿಂದೆಯೇ ನಡೆಯಿರಿ. ಎಲ್ಲಿಗೆ ಹೋಗಿ ನಿಲ್ಲುತ್ತಾರೆ ಎಂಬುದೇ ನಿಮ್ಮ ಮ್ಯಾಪಿಂಗಿನ ನಿಜವಾದ ಉತ್ತರ.

ಪವರ್ ವಿಷಯಕ್ಕೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಅಮೆರಿಕದ ಎನ್‌ಎಫ್‌ಪಿಎ 72ರ ಪ್ರಕಾರ ಅಲಾರ್ಮ್ ವ್ಯವಸ್ಥೆಯ ಬ್ಯಾಟರಿ ಸಾಮಾನ್ಯವಾಗಿ 24 ಗಂಟೆ ಕಾದು, ಆಮೇಲೂ ಐದು ನಿಮಿಷ ಅಲಾರ್ಮ್ ಬಾರಿಸುವಷ್ಟಿರಬೇಕು. ನಮ್ಮಲ್ಲೂ ಐಎಸ್ 2189 ಈ ವ್ಯವಸ್ಥೆಗಳನ್ನು ಆರಿಸುವ, ಅಳವಡಿಸುವ, ನೋಡಿಕೊಳ್ಳುವ ಕ್ರಮ ಹೇಳುತ್ತದೆ. ಹೀಗೆ ಪ್ಯಾನೆಲ್‌ಗೆ ಬ್ಯಾಟರಿ ಕಟ್ಟಿ, ಅದರ ಮಾತನ್ನು ಹೊರುವ ಗೇಟ್‌ವೇಯ ಅಡಾಪ್ಟರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುತ್ತಾರೆ. ನಡುವಿನ ನೆಟ್‌ವರ್ಕ್ ಸ್ವಿಚ್ಚಿಗೂ ಅದೇ ಸಾಕೆಟ್. ಬೆಂಕಿ ಬಿದ್ದಾಗ ಕಟ್ಟಡದಲ್ಲಿ ಮೊದಲು ತೆಗೆಯುವುದೇ ಕರೆಂಟನ್ನು. ದುಭಾಷಿ ಬೇಕಾದ ಗಳಿಗೆಯಲ್ಲೇ ದುಭಾಷಿಗೆ ಮೂರ್ಛೆ. ಪ್ಯಾನೆಲ್ ತಯಾರಕರು ಒಪ್ಪುವಂತಿದ್ದರೆ ಪ್ಯಾನೆಲ್‌ನ 24 ವೋಲ್ಟ್‌ನಿಂದ, ಆಗ ಬ್ಯಾಟರಿಯ ಲೆಕ್ಕವನ್ನು ಮತ್ತೊಮ್ಮೆ ಹಾಕಿ. ಇಲ್ಲವಾದರೆ ಯುಪಿಎಸ್‌ನಿಂದ, ಸ್ವಿಚ್ಚಿನ ಸಮೇತ.

ಅಷ್ಟೆಲ್ಲ ಮಾಡಿದರೂ ಗೇಟ್‌ವೇ ಸುದ್ದಿ ಮುಟ್ಟಿಸುವ ಆಳೇ ಹೊರತು ಪ್ರಾಣ ಉಳಿಸುವ ಆಳಲ್ಲ ಎಂಬುದನ್ನು ಮಾಲೀಕರಿಗೆ ನೀವೇ ಹೇಳಬೇಕಾದೀತು. ಬಿಎಂಎಸ್‌ಗೆ ಅಲಾರ್ಮ್ ಬರುತ್ತದಲ್ಲ, ಎಎಚ್‌ಯು ನಿಲ್ಲಿಸುವುದು, ಲಿಫ್ಟ್ ಇಳಿಸುವುದು, ಬಾಗಿಲ ಲಾಕ್ ಬಿಡಿಸುವುದು ಎಲ್ಲ ಸಾಫ್ಟ್‌ವೇರಿನಲ್ಲೇ ಮಾಡೋಣ, ತಾಮ್ರದ ತಂತಿ ಉಳಿಯುತ್ತದೆ ಎಂಬ ಸಲಹೆ ಮೀಟಿಂಗಿನಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ. ಆ ಕೆಲಸ ಪ್ಯಾನೆಲ್‌ನ ಕಂಟ್ರೋಲ್ ಮಾಡ್ಯೂಲ್‌ನಿಂದ ನೇರ ತಂತಿಯಲ್ಲಿ ಆಗಬೇಕು. ಗೇಟ್‌ವೇ ಸುಟ್ಟು ಬೂದಿಯಾದರೂ ಬಾಗಿಲು ತೆರೆಯಬೇಕು.

ಬಾಗಿಲ ಮಾತು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2010ರ ಫೆಬ್ರವರಿ 23ರಂದು ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಎಲೆಕ್ಟ್ರಿಕಲ್ ಡಕ್ಟಿನಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಹೊರಬರುವ ದಾರಿ ಸಿಗದೆ, ಉಸಿರು ಕಟ್ಟಿ, ಕೆಲವರು ಕಿಟಕಿಯಿಂದ ಹಾರಿದರು. ಒಂಬತ್ತು ಜನ ತೀರಿಕೊಂಡರು. ಅವರನ್ನು ಕಳೆದುಕೊಂಡ ಕುಟುಂಬದವರು, ಗೆಳೆಯರು ಸೇರಿ ಕಟ್ಟಿದ ಬಿಯಾಂಡ್ ಕಾರ್ಲ್‌ಟನ್ ಸಂಘಟನೆ ಅಂದಿನಿಂದ ಅಗ್ನಿ ಸುರಕ್ಷತೆಯ ಮಾತನ್ನು ಈ ಊರಿನಲ್ಲಿ ಆರದಂತೆ ಇಟ್ಟಿದೆ. ಅಂದು ಗೇಟ್‌ವೇ ಇತ್ತೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ನಿಮ್ಮ ಡಬ್ಬಿಯ ಆ ತುದಿಯಲ್ಲಿ ಇರುವುದು ಹೊಗೆ, ಮೆಟ್ಟಿಲು, ಬಾಗಿಲು ಮತ್ತು ಜನ.

ಇನ್ನೊಂದು ದಿಕ್ಕಿನ ಅಪಾಯ ಬೇರೆ. ಮಾಡ್‌ಬಸ್‌ನಲ್ಲಿ ಪಾಸ್‌ವರ್ಡ್ ಎಂಬುದಿಲ್ಲ. ಹಳೆಯ ಬ್ಯಾಕ್‌ನೆಟ್ ಐಪಿಯಲ್ಲೂ ಜಾಲದೊಳಗೆ ಬಂದವರೆಲ್ಲ ನಂಟರು; ಬ್ಯಾಕ್‌ನೆಟ್ ಸೆಕ್ಯೂರ್ ಕನೆಕ್ಟ್ ಬಂದದ್ದು ಈಚೆಗೆ. ಗೇಟ್‌ವೇಯಲ್ಲಿ ಬರೆಯುವ ಅನುಮತಿ ತೆರೆದಿಟ್ಟರೆ ಆಫೀಸ್ ವೈಫೈನಲ್ಲಿರುವ ಯಾರೋ ಪ್ಯಾನೆಲ್‌ನ ಸದ್ದಡಗಿಸಬಹುದು. ಓದಲು ಮಾತ್ರ ಬಿಡಿ. ಸೈಲೆನ್ಸ್, ರಿಸೆಟ್ ಬೇಕಾದವರು ಪ್ಯಾನೆಲ್‌ವರೆಗೆ ನಡೆದು ಹೋಗಿ ತಮ್ಮ ಬೆರಳಿನಿಂದ ಒತ್ತಲಿ. ಹೋಗುವ ದಾರಿಯಲ್ಲಿ ಹೊಗೆಯ ವಾಸನೆ ಮೂಗಿಗಾದರೂ ತಾಗುತ್ತದೆ.

ಕೊನೆಗೆ ಬೇಡಿಕೆ. ಈ ಪತ್ರ ಕೈಗೆ ಬಂದ ಮೇಲಿನ ಮೊದಲ ಎಎಂಸಿ ಭೇಟಿಯಲ್ಲಿ ಒಂದು ಗಂಟೆ ಹೆಚ್ಚು ಕೇಳಿ ಪಡೆಯಿರಿ. ನಿವಾಸಿಗಳಿಗೂ ಅಗ್ನಿಶಾಮಕದವರಿಗೂ ಪರೀಕ್ಷೆ ಇದೆಯೆಂದು ಮೊದಲೇ ತಿಳಿಸಿ. ಮೊದಲು ಗೇಟ್‌ವೇಗೂ ಪ್ಯಾನೆಲ್‌ಗೂ ನಡುವಿನ ತಂತಿ ಕಳಚಿ, ಪರದೆಯಲ್ಲಿ ಯಾರಾದರೂ ಗಮನಿಸುವಂಥ ಬದಲಾವಣೆ ಬರಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಬರೆದುಕೊಳ್ಳಿ. ಬರಲೇ ಇಲ್ಲವೆಂದರೆ ಅದನ್ನೂ ಬರೆಯಿರಿ. ತಂತಿ ಹಾಕಿ. ಒಂದು ಡಿಟೆಕ್ಟರನ್ನು ಬೇಸಿನಿಂದ ತಿರುಗಿಸಿ ತೆಗೆದು ಫಾಲ್ಟ್ ಯಾವ ಹೆಸರಿನಲ್ಲಿ ಬಂತು ನೋಡಿ. ಒಂದನ್ನು ಡಿಸೇಬಲ್ ಮಾಡಿ ನೋಡಿ. ಗೇಟ್‌ವೇ ಆಫ್ ಮಾಡಿ, ಅಲಾರ್ಮ್ ಬರಿಸಿ, ಮತ್ತೆ ಆನ್ ಮಾಡಿ, ಅದಕ್ಕೆ ಆ ಅಲಾರ್ಮ್ ಗೊತ್ತೇ ಎಂದು ವಿಚಾರಿಸಿ. ಆಮೇಲೆ ಏಣಿ ಹಿಡಿದು 1, 16, 17, 159. ವಾಕಿಟಾಕಿಯಲ್ಲಿ ಬಂತು ಎಂಬ ಉತ್ತರ ಸಾಲದು. ಪರದೆಯಲ್ಲಿ ಬರೆದದ್ದನ್ನು ಅಕ್ಷರಶಃ ಓದಿ ಹೇಳಲಿ.

ಬಂದ ಉತ್ತರಗಳನ್ನೆಲ್ಲ ಒಂದೇ ಹಾಳೆಯಲ್ಲಿ ತಾರೀಕು ಹಾಕಿ ಬರೆದು, ಒಂದು ಪ್ರತಿಯನ್ನು ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸಿ, ಕಾನ್ಫಿಗರೇಷನ್ ಫೈಲಿನ ಬ್ಯಾಕಪ್ ಯಾರ ಬಳಿ ಇದೆ ಎಂಬ ಸಾಲನ್ನೂ ಸೇರಿಸಿ. ಮುಂದಿನ ಸಲ ಆ ಪೇಂಟ್ ಡಬ್ಬದ ಮೇಲೆ ಕೂರುವ ಹುಡುಗನಿಗೆ ನಿಮ್ಮ ಫೋನ್ ನಂಬರ್ ಸಿಗದೇ ಇರಬಹುದು, ಸಿಕ್ಕರೂ ಅಲ್ಲಿ ಸಿಗ್ನಲ್ ಇರುವುದಿಲ್ಲ.

ಇತಿ,
ನಿಮ್ಮ ಕಸುಬಿನವರೇ ಒಬ್ಬರು